ಬೇರೆ ಔಷಧಿ: ಇಲ್ಲ

ಫಾರಮ್ಮಿನಲ್ಲಿ ಆ ಸಾಲು ತುಂಬಿದ್ದು ನಾನೇ.
ಲಿಥುವೇನಿಯಾದ ನವೆಂಬರ್, ಹೊರಗೆ ಕೆಸರು,
ಪೈನ್ ಕಾಡಿನ ಹಿಂದೆ ನಾಲ್ಕಕ್ಕೇ ಕತ್ತಲು.
"ಬೇರೆ ಏನಾದರೂ ಔಷಧಿ ತಗೊಳ್ತೀರಾ?"
ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ಅಡೋಲ್ಫಸ್ ಅಂದ: "ಇಲ್ಲ."
ಸುಳ್ಳಾಡಲಿಲ್ಲ ಅವನು.
ಅವನ ಮನೆಯಲ್ಲಿ ಚಹಾ ಔಷಧಿಯಲ್ಲ.

ನಲವತ್ತು ವರ್ಷ ಮರದ ತೊಗಟೆ ಕೆತ್ತಿ ಅಂಟು ಇಳಿಸಿದವನು.
ಹರಿಯುವುದು ಯಾವಾಗ ಹೆಪ್ಪುಗಟ್ಟುತ್ತದೆಂದು
ನನಗಿಂತ ಚೆನ್ನಾಗಿ ಬಲ್ಲವನು.
ಅವನ ಎದೆ ಮಾತ್ರ
ಎರಡು ಬಡಿದು ಒಂದು ಮರೆಯುತ್ತಿತ್ತು.
ಅದಕ್ಕೇ ವಾರ್ಫರಿನ್, ಸಂಜೆ ಆರಕ್ಕೆ ಒಂದು,
ರಕ್ತ ತೆಳ್ಳಗಿರಲಿ ಅಂತ.
ಎರಡಕ್ಕೂ ಮೂರಕ್ಕೂ ನಡುವೆ ನಿಲ್ಲಬೇಕು ಅಂಕಿ,
ಹಗ್ಗದ ಮೇಲೆ ನಡೆಯುವವಳ ಹಾಗೆ.

ಡಿಸೆಂಬರಿನಲ್ಲಿ ತಮ್ಮ ತೀರಿಕೊಂಡ.
ಅಡೋಲ್ಫಸ್ ಮಾತು ಬಿಟ್ಟ. ಕಿಟಕಿಗೆ ಮುಖ ಮಾಡಿ ಕೂತ,
ಬೂಟು ಕೂಡ ಬಿಚ್ಚದೆ.
ಝೆನೋನ ನೋಡಿದಳು, ಒಂದು ವಾರ, ಎರಡು ವಾರ.
ಆಮೇಲೆ ಅಟ್ಟದಿಂದ ಕಟ್ಟು ಇಳಿಸಿದಳು:
ಯೊನಾಜೋಲೆ, ಯೋಹಾನನ ಸೊಪ್ಪು,
ಜೂನ್ ಹಬ್ಬದ ಮಧ್ಯಾಹ್ನ, ಇಬ್ಬನಿ ಆರಿದ ಮೇಲೆ
ಬಗ್ಗಿ ಬಗ್ಗಿ ಕೊಯ್ದದ್ದು.
ಹೂವು ಹಳದಿ. ಮೊಗ್ಗು ಹಿಸುಕಿದರೆ
ಬೆರಳಿಗೆ ಹತ್ತುವುದು ಕೆಂಪು.
ಎಲೆಯನ್ನು ಬೆಳಕಿಗೆ ಹಿಡಿದರೆ ತುಂಬ ಸಣ್ಣ ತೂತು,
ಯಾರೋ ಸೂಜಿ ಚುಚ್ಚಿ ಪರೀಕ್ಷಿಸಿದ ಹಾಗೆ.

ಕುದಿಸಿ, ಮುಚ್ಚಿಟ್ಟು, ಸೋಸಿ, ದಿನಕ್ಕೆ ಮೂರು ಲೋಟ.

ನಾಟಿತು.
ಇದನ್ನು ಹೇಳದೆ ಮುಂದೆ ಹೋಗುವುದು ಮೋಸ:
ನಾಟಿತು.
ಜನವರಿ ಕೊನೆಗೆ ಬೂಟು ಬಿಚ್ಚಿದ.
ಫೆಬ್ರವರಿಯಲ್ಲಿ ಜೇನುಪೆಟ್ಟಿಗೆಯ ಮುರುಕು ಚೌಕಟ್ಟು ಎಳೆದುಕೊಂಡು
ಮೊಳೆ ಹೊಡೆಯುತ್ತ ಬೆಕ್ಕಿಗೆ ಬೈದ.
ಬೆಕ್ಕಿಗೆ ಬೈದ ಅನ್ನುವಾಗ ಇವತ್ತಿಗೂ
ಝೆನೋನಳ ಮುಖ ಅರಳುತ್ತದೆ.

ಹಿಮ ಬಿದ್ದು ಬಸ್ಸು ನಿಂತಿತ್ತು.
ಎರಡು ತಿಂಗಳು ರಕ್ತ ಪರೀಕ್ಷೆಯಿಲ್ಲ.
ಒಳಗೆ, ಯಕೃತ್ತಿನ ಅಂಗಳದಲ್ಲಿ,
ಕಸ ಗುಡಿಸುವವರಿಗೆ ಈ ಹೂವು ಹುರುಪು ಕೊಟ್ಟಿತು.
ಅವರು ನನ್ನ ಮಾತ್ರೆಯನ್ನೂ
ಅದರ ಕೆಲಸ ಮುಗಿಯುವ ಮೊದಲೇ ಗುಡಿಸಿ ಎಸೆದರು.
ಜಗಳವಿಲ್ಲ, ಸದ್ದಿಲ್ಲ.
ಮಾರ್ಚ್ ಹನ್ನೊಂದು, ಬೆಳಗಿನ ಗಂಜಿ:
ಬಲಗೈಯಿಂದ ಚಮಚ ಜಾರಿತು.
ಎಡಗೈಯಲ್ಲಿ ಎತ್ತಿಕೊಂಡು, ಅದನ್ನೇ ನೋಡುತ್ತ,
ಅದರ ಹೆಸರು ಹುಡುಕಿದ.

ಅಲೀತುಸ್ ಆಸ್ಪತ್ರೆಯ ಎಳೆ ಡಾಕ್ಟರು ಅಂದರಂತೆ:
"ಕಳೆ ಕುದಿಸಿ ಕುಡಿಸಿದ್ದೀರಿ."
ಅವಳು ಜಾಡಿ ಎತ್ತಿಕೊಂಡು ನೇರ ನನ್ನಲ್ಲಿಗೆ ಬಂದಳು,
ಕೌಂಟರಿನ ಮೇಲಿಟ್ಟಳು.
ಗಾಜಿನಲ್ಲಿ ಹಳೆಯ ಉಪ್ಪಿನಕಾಯಿಯ ವಾಸನೆ ಇನ್ನೂ ಇತ್ತು.
"ಕಳೆಯಾಗಿದ್ದರೆ
ಏನೂ ಆಗುತ್ತಿರಲಿಲ್ಲ, ಅಲ್ಲವಾ ಹುಡುಗಿ?"

ಹೌದು. ಹಿತ್ತಲ ಗಿಡವೂ ಮದ್ದೇ.
ಅದೇ ತೊಂದರೆ.

ನನ್ನ ಬೆನ್ನ ಹಿಂದೆ, ಎಡಗಡೆ, ಎರಡನೇ ಶೆಲ್ಫು,
ಅದೇ ಹೂವು: ಅರವತ್ತು ಗುಳಿಗೆ, ಆರು ಯೂರೊ,
ಡಬ್ಬದ ಮೇಲೆ ನಗುವ ಹೆಂಗಸು.
ಎಷ್ಟು ಮಾರಿದ್ದೇನೆ, ಚಿಲ್ಲರೆ ಎಣಿಸುತ್ತ, ಏನೂ ಕೇಳದೆ.
ಝೆನೋನ ಅದನ್ನು ನೋಡಿದಳು.
ನಾನು ನೋಡಿದ್ದನ್ನೂ ನೋಡಿದಳು.
ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಡೋಲ್ಫಸ್ ಮನೆಗೆ ಬಂದಿದ್ದಾನೆ.
ಚಮಚಕ್ಕೆ ಈಗ ದೋಣಿ ಅನ್ನುತ್ತಾನೆ.
ಅವಳು ದೋಣಿಯನ್ನೇ ತಂದುಕೊಡುತ್ತಾಳೆ.
ಸಂಜೆ ಆರಕ್ಕೆ ಮಾತ್ರೆ; ನಾಲಿಗೆ ಎತ್ತಿಸಿ ನೋಡುತ್ತಾಳೆ.
ಮತ್ತೆ ಕಿಟಕಿಗೆ ಮುಖ ಮಾಡುವ ದಿನಗಳಿವೆ.
ಅದಕ್ಕೆ ಡಾಕ್ಟರು ಬೇರೆ ಗುಳಿಗೆ ಬರೆದಿದ್ದಾರೆ.
ಬೆಕ್ಕಿಗೆ ಇನ್ನೂ ಬೈದಿಲ್ಲ.

ಜೂನ್ ಬಂತು. ಅವಳು ಮತ್ತೆ ಕೊಯ್ದಳು.
ಒಂದು ಕಟ್ಟು ತಂದು ಅದೇ ಕೌಂಟರಿನ ಮೇಲೆ:
"ಎದೆಯ ಮಾತ್ರೆ ಇಲ್ಲದವರಿಗೆ. ಕೇಳಿ ಕೊಡು."
ಲೇಬಲ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ನಾನು ಮಾರುವಂತಿಲ್ಲ.
ಒಳಕೋಣೆಯ ಮೊಳೆಗೆ ತೂಗುಹಾಕಿದ್ದೇನೆ.
ಒಣಗುತ್ತಿದೆ.

ಫಾರಮ್ಮಿನ ಆ ಸಾಲನ್ನು ಹೊಡೆದುಹಾಕಿ
ಕೆಳಗೆ ಪೆನ್ನಿನಲ್ಲಿ ಬರೆಯುತ್ತೇನೆ ಪ್ರತಿ ಸಲ:
ಮನೆಯಲ್ಲಿ ಏನು ಕುದಿಯುತ್ತದೆ?
ಜನ ನಗುತ್ತಾರೆ. "ಚಹಾ, ಅಷ್ಟೇ."
ಯಾವ ಚಹಾ, ಅನ್ನುತ್ತೇನೆ.
ಕ್ಯೂ ಬಾಗಿಲ ತನಕ ಬೆಳೆಯುತ್ತದೆ.